ಸ್ಕೂಬಾ: ಆರಂಭಿಕ ತರಬೇತಿ ಎಷ್ಟು ಸಾಕು?

ಅಂಡಮಾನಿನ ಸ್ವರಾಜ್ ದ್ವೀಪ, ಮಹಾರಾಷ್ಟ್ರದ ತಾರಕರ್ಲಿ, ಮುರ್ಡೇಶ್ವರದ ಸಮೀಪದ ನೇತ್ರಾಣಿ ಮೊದಲಾದ ಕಡೆಗಳಲ್ಲಿ ಪ್ರವಾಸಿಗರು ಸ್ಕೂಬಾ ಸಾಧನ ತೊಟ್ಟು ಸಮುದ್ರಕ್ಕಿಳಿಯುವುದು ಈಗ ಸಾಮಾನ್ಯವಾಗಿದೆ. ಇವರಲ್ಲಿ ಬಹುಮಂದಿಗೆ ದೊರೆಯುವುದು ಅಲ್ಪಕಾಲದ ವಿವರಣೆ ಮತ್ತು ಬೋಧಕನ ಕೈಹಿಡಿದು ಕೆಲವು ನಿಮಿಷಗಳ ವಿಹಾರ. ಇದು ಪರಿಚಯವೇ ಹೊರತು ತರಬೇತಿಯಲ್ಲ. ಇದನ್ನು ಮುಗಿಸಿದವನು ಸ್ವತಂತ್ರವಾಗಿ ನೀರಿಗಿಳಿಯಲು ಅರ್ಹನಾಗುವುದಿಲ್ಲ.

ನಿಜವಾದ ಆರಂಭಿಕ ಶಿಕ್ಷಣವೆಂದರೆ 'ಓಪನ್ ವಾಟರ್' ಎಂಬ ಪಠ್ಯಕ್ರಮ. ಮೂರು-ನಾಲ್ಕು ದಿನಗಳ ಈ ಕ್ರಮದಲ್ಲಿ ಪಾಠ, ಈಜುಕೊಳದ ಅಭ್ಯಾಸ ಹಾಗೂ ಸಾಮಾನ್ಯವಾಗಿ ನಾಲ್ಕು ಬಾರಿ ತೆರೆದ ನೀರಿನಲ್ಲಿ ಮುಳುಗುವುದು ಸೇರಿವೆ. ಉತ್ತೀರ್ಣರಾದ ವಯಸ್ಕರು 18 ಮೀಟರ್ ಆಳದವರೆಗೆ, ಜೊತೆಗಾರನೊಡನೆ, ಇಳಿಯಬಹುದು.

ಈ ಶಿಕ್ಷಣದ ತಿರುಳು ಒತ್ತಡದ ನಿಯಮ. 10 ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಗಿಂತ ಇಮ್ಮಡಿ. ಅಲ್ಲಿ ಶ್ವಾಸಕೋಶದ ತುಂಬ ಎಳೆದುಕೊಂಡ ಗಾಳಿ ಮೇಲೇರುವಾಗ ಎರಡರಷ್ಟು ಹಿಗ್ಗಲೆತ್ನಿಸುತ್ತದೆ. ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯಬಹುದು. ಆದರೆ ನೀರಿನಲ್ಲಿ ಗಾಬರಿಯಾದ ಮನುಷ್ಯನು ಮೊದಲು ಮಾಡುವುದೇ ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವುದು! ಹುಟ್ಟಿನಿಂದ ಬಂದ ಈ ಪ್ರವೃತ್ತಿಯನ್ನು ನಾಲ್ಕು ದಿನಗಳಲ್ಲಿ ಅಳಿಸಲಾಗದು. ಪರೀಕ್ಷೆಯಲ್ಲಿ ಸರಿಯುತ್ತರ ಬರೆದವನೂ ಇದಕ್ಕೆ ಹೊರತಲ್ಲ.

ಗಾಳಿಯ ಲೆಕ್ಕವೂ ಹೀಗೆಯೇ. (ಸಿಲಿಂಡರಿನಲ್ಲಿ ಸಾಮಾನ್ಯವಾಗಿರುವುದು ಆಮ್ಲಜನಕವಲ್ಲ, ಒತ್ತಿ ತುಂಬಿದ ಗಾಳಿ.) 12 ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2,400 ಲೀಟರ್ ಗಾಳಿಯಿರುತ್ತದೆ. 50 ಬಾರ್ ಮೀಸಲಿಟ್ಟರೆ ಬಳಕೆಗೆ ಉಳಿಯುವುದು 1,800 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಮೇಲ್ಮೈಯಲ್ಲಿ ಇದು ಒಂದೂವರೆ ಗಂಟೆ ಬಂದೀತು. 18 ಮೀಟರ್ ಆಳದಲ್ಲಿ ಸುಮಾರು 32 ನಿಮಿಷ ಮಾತ್ರ. ಹೆದರಿ ಏದುಸಿರು ಬಿಟ್ಟರೆ ಅದರ ಅರ್ಧವೂ ಕಷ್ಟ.

ಹಾಗಾದರೆ ತರಬೇತಿ ಸಾಲದೇ? ಕ್ರಮಬದ್ಧವಾಗಿ ಕಲಿಸಿದ್ದಾದರೆ, ಕಲಿತಂತಹ ನೀರಿಗೆ ಅದು ಸಾಕು. ತರಬೇತಿ ಸಂಸ್ಥೆಗಳು ಹೇಳುವುದೂ ಇಷ್ಟೇ: ಅಭ್ಯಾಸ ಮಾಡಿದ ಪರಿಸ್ಥಿತಿಯನ್ನು ಹೋಲುವ ಕಡೆ ಮಾತ್ರ ಇಳಿಯಬೇಕು. ಶಾಂತವಾದ ತಿಳಿನೀರಿನಲ್ಲಿ, ಬೋಧಕನ ಕಣ್ಣೆದುರಿಗೆ ಕಲಿತವನು ಪ್ರಬಲ ಸೆಳೆತದಲ್ಲಿ ಅಥವಾ ಕದಡಿದ ನೀರಿನಲ್ಲಿ ಇನ್ನೊಬ್ಬ ಹೊಸಬನ ರಕ್ಷಣೆಗೆ ನಿಲ್ಲಬಲ್ಲನೆಂದು ನಂಬುವುದು ಅವಿವೇಕ. ಇದಲ್ಲದೆ, ಈ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅವಧಿಯ ಮಿತಿಯಿಲ್ಲ. ಐದು ವರ್ಷ ನೀರು ಮುಟ್ಟದವನ ಬಳಿಯೂ ಅದೇ ಕಾರ್ಡು ಇರುತ್ತದೆ. ಅಂಥವರು ಮೊದಲು ಬೋಧಕರೊಡನೆ ಪುನರಭ್ಯಾಸ ಮಾಡಿಕೊಳ್ಳುವುದು ಲೇಸು.

ಆರೋಗ್ಯದ ಪ್ರಶ್ನಾವಳಿಯನ್ನು ಕಾಟಾಚಾರಕ್ಕೆ ತುಂಬಬಾರದು. ಆಸ್ತಮಾ, ಹೃದ್ರೋಗ, ಮೂರ್ಛೆರೋಗಗಳಿದ್ದವರು ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಕೂಡದು.

ದೂರದ ಊರುಗಳಿಂದ ಹೋಗುವವರು ಮರೆಯುವ ಮತ್ತೊಂದು ಸಂಗತಿಯಿದೆ. ಆಳದಲ್ಲಿ ದೇಹದೊಳಗೆ ಕರಗಿದ ಸಾರಜನಕವು ನಿಧಾನವಾಗಿ ಹೊರಬೀಳಬೇಕು. ವಿಮಾನದೊಳಗಿನ ಕಡಿಮೆ ಒತ್ತಡದಲ್ಲಿ ಅದು ಗುಳ್ಳೆಗಟ್ಟಿ ಅಪಾಯ ತರಬಹುದು. ಆದ್ದರಿಂದ ಒಮ್ಮೆ ಮಾತ್ರ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು ಕನಿಷ್ಠ 18 ಗಂಟೆ ಕಳೆದ ಬಳಿಕವೇ ಅಂಡಮಾನಿನಿಂದ ಚೆನ್ನೈಗಾಗಲಿ ದೆಹಲಿಗಾಗಲಿ ವಿಮಾನವೇರಬೇಕು.