ಹಳೆಯ ಸೀರೆಯಿಂದ ಬೆಚ್ಚನೆಯ ಕೌದಿ
ನೀಲಗಿರಿಯ ಮನೆಗಳಿಗೆ ಒಂದು ಉಪಯುಕ್ತ ಗೃಹಕೈಗಾರಿಕೆ

ಡಿಸೆಂಬರು ಜನವರಿಯಲ್ಲಿ ಉದಕಮಂಡಲದ ಬಯಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗುವುದು ನಮ್ಮ ರೈತರಿಗೆ ತಿಳಿದ ವಿಷಯ. ಎಳೆಯ ಚಹಾ ಗಿಡ ಕರಕಲಾಗದಿರಲೆಂದು ಜರಿಸೊಪ್ಪನ್ನು ಹೊದಿಸುತ್ತೇವೆ. ಗಿಡಕ್ಕೆ ಇಷ್ಟು ಜಾಗರೂಕತೆ ತೋರಿಸುವ ನಾವು ಮನೆಯೊಳಗೆ ಮಲಗುವವರ ವಿಷಯದಲ್ಲಿ ಮಾತ್ರ ಉದಾಸೀನರಾಗುತ್ತೇವೆ. ಇದ್ದಿಲು ತುಂಬಿದ ಒಲೆಯನ್ನು ಒಳಗಿಟ್ಟು, ಬಾಗಿಲು ಕಿಟಕಿ ಮುಚ್ಚಿ ಮಲಗುವ ಪದ್ಧತಿ ಇನ್ನೂ ಕೆಲವೆಡೆ ಉಂಟು. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ನಿದ್ದೆಯಲ್ಲಿದ್ದವನಿಗೆ ಎಚ್ಚರವೂ ಆಗುವುದಿಲ್ಲ. ನಮ್ಮ ಬೆಟ್ಟಗಳಲ್ಲಿ ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಒಲೆಯನ್ನು ಹೊರಗಿಟ್ಟು ಒಳ್ಳೆಯ ಕೌದಿ ಹೊದೆಯುವುದೇ ಕ್ಷೇಮ.

ಕೌದಿ ಕನ್ನಡ ನಾಡಿನ ಹಳೆಯ ಸೊತ್ತು. ಬಡಗಣ ಕರ್ನಾಟಕದಲ್ಲಿ ಅಜ್ಜಿಯ ಸೀರೆ, ಅಜ್ಜನ ಧೋತರ ಸೇರಿ ಮೊಮ್ಮಗುವಿನ ತೊಟ್ಟಿಲಿಗೆ ಕೌದಿಯಾಗುತ್ತವೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ‘ಫೂಲ’ ಎಂಬ ಮಡಿಸಿದ ಚೂರುಗಳನ್ನಿಟ್ಟಲ್ಲದೆ ಕೌದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಅವರ ಕೌದಿಗಳನ್ನು ಇಂದು ಹೊರದೇಶದವರೂ ಕೊಳ್ಳುತ್ತಾರೆ.

ಬೇಕಾಗುವ ಸಾಮಾನು

ಉದ್ದನೆಯ ಗಟ್ಟಿ ಸೂಜಿ ನಾಲ್ಕು, ಒಳ್ಳೆಯ ಕತ್ತರಿ, ಗಟ್ಟಿ ಹತ್ತಿ ನೂಲು, ದರ್ಜಿಯ ಸೀಮೆಸುಣ್ಣ, ಅಳತೆಯ ಟೇಪು, ಬೆರಳಿಗೆ ತೊಡುವ ಅಂಗುಸ್ತಾನ. ಇವಿಷ್ಟೇ ಸಾಕು, ಹೊಲಿಗೆ ಯಂತ್ರವಿರಲೇಬೇಕೆಂಬ ನಿಯಮವಿಲ್ಲ. ಆರು ಪದರಕ್ಕೆ ಸೂಜಿ ತಳ್ಳುವಾಗ ಬೆರಳು ತೂತಾಗುವುದುಂಟು. ಆದುದರಿಂದ ಅಂಗುಸ್ತಾನವನ್ನು ಅಲಕ್ಷಿಸಬಾರದು. ನೂಲನ್ನು ಜೇನುಮೇಣದ ಉಂಡೆಯ ಮೇಲೆ ಒಮ್ಮೆ ಎಳೆದರೆ ಗಂಟು ಬೀಳದು, ಬೇಗ ಸವೆಯದು. ಜೇನು ಕೀಳುವ ಕುರುಂಬರಿರುವ ನಮ್ಮ ಜಿಲ್ಲೆಯಲ್ಲಿ ಮೇಣ ದುರ್ಲಭವಲ್ಲ.

ನಮ್ಮ ಹವೆಯಲ್ಲಿ ಸೂಜಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಲೆ ಬಟ್ಟೆಯಿಂದ ಸುಲಭವಾಗಿ ಹೋಗದು. ಉಣ್ಣೆಯ ಚೂರಿಗೆ ಒಂದು ತೊಟ್ಟು ಯಂತ್ರದ ಎಣ್ಣೆ ಸವರಿ, ಅದಕ್ಕೆ ಸೂಜಿ ಚುಚ್ಚಿ, ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಡಿರಿ. ಕೆಲಸಕ್ಕೆ ಮುಂಚೆ, ಕೆಲಸ ಮುಗಿದ ಮೇಲೆ ಸೂಜಿಗಳನ್ನು ಎಣಿಸತಕ್ಕದ್ದು. ಕೌದಿಯಲ್ಲಿ ಉಳಿದ ಒಂದು ಸೂಜಿ ಮಗುವಿಗೆ ಅಪಾಯ.

ಕೂರುವ ಜಾಗ

ಪ್ರತ್ಯೇಕ ಕೋಣೆ ಬೇಡ. ಕಿಟಕಿಯ ಪಕ್ಕದ ಆರು ಅಡಿ ಜಾಗ ಸಾಕು. ಬಲಗೈಯವರಿಗೆ ಬೆಳಕು ಎಡದಿಂದ ಬರಬೇಕು. ಇಲ್ಲವಾದರೆ ಕೈಯ ನೆರಳು ಹೊಲಿಗೆಯ ಮೇಲೆ ಬೀಳುತ್ತದೆ. ನೆಲದ ಥಂಡಿ ಏರದಂತೆ ಹಲಗೆ, ಅದರ ಮೇಲೆ ಜಮಖಾನೆ ಹಾಸಿ, ಬೆನ್ನಿಗೆ ಗೋಡೆಯ ಆಸರೆ ಇಟ್ಟುಕೊಳ್ಳಿರಿ. ಊಟಿ ಕಡೆ ಮಧ್ಯಾಹ್ನದ ಮೇಲೆ ಮಂಜು ಕವಿಯುವುದರಿಂದ ಕಣ್ಣಿನ ಕೆಲಸವನ್ನು ಬೆಳಿಗ್ಗೆಯೇ ಮುಗಿಸುವುದು ಮೇಲು. ಅರ್ಧ ಗಂಟೆಗೊಮ್ಮೆ ತಲೆಯೆತ್ತಿ ದೂರದ ಬೆಟ್ಟ ನೋಡಿದರೆ ಕಣ್ಣಿಗೂ ಕತ್ತಿಗೂ ವಿಶ್ರಾಂತಿ.

ಹೊಲಿಯುವ ಕ್ರಮ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಕೌದಿಯನ್ನು ಮಾತ್ರ ಕಾಲು ಇದ್ದಷ್ಟು ಹೊಲಿಯಬೇಕು! ಒಬ್ಬರಿಗೆ ಉದ್ದ 5 ಮೊಳ, ಅಗಲ ಸೀರೆಯ ಪನ್ನದಷ್ಟು, ಅಂದರೆ ಸುಮಾರು ಎರಡೂವರೆ ಮೊಳ. ಐದೂವರೆ ಮೀಟರಿನ ಸೀರೆ ಸುಮಾರು 12 ಮೊಳವಿರುತ್ತದೆ. ಅದರಲ್ಲಿ ಅಡಿಗೊಂದು, ಮೇಲಕ್ಕೊಂದು ಪದರ ಕತ್ತರಿಸಿದ ಮೇಲೂ 2 ಮೊಳ ಉಳಿದು ತೇಪೆಗೆ ಒದಗುತ್ತದೆ. ಒಳಗೆ ಹಳೆಯ ಪಂಚೆ, ಲುಂಗಿಗಳ ಮೂರು ನಾಲ್ಕು ಪದರ ಇಡಬಹುದು. ಬಟ್ಟೆಯೆಲ್ಲ ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಬೆರೆತರೆ ಒಗೆದಾಗ ಒಂದು ಕುಗ್ಗಿ ಮತ್ತೊಂದು ಕುಗ್ಗದೆ ಸುಕ್ಕಾಗುವುದು. ಕಿಡಿ ಸೋಕಿದರೆ ಕರಗಿ ಮೈಗಂಟುವುದು.

ಮೊದಲು ಎಲ್ಲವನ್ನೂ ಒಗೆದು ಒಣಗಿಸಿ, ಗುಂಡಿ, ಮಡಿಕೆಯ ಹೊಲಿಗೆ ತೆಗೆಯಿರಿ. ನೆಲದ ಮೇಲೆ ಹರಡಿ ಮೂಲೆಗಳಿಗೆ ಕಲ್ಲಿಡಿರಿ. ನಡುವಿನಿಂದ ನಾಲ್ಕು ಮೂಲೆಗೆ, ಆಮೇಲೆ ಅಂಚಿನವರೆಗೆ ಗೇಣುದ್ದದ ಕಚ್ಚಾ ಹೊಲಿಗೆ ಹಾಕತಕ್ಕದ್ದು. ಇದನ್ನು ಬಿಟ್ಟು ನೇರವಾಗಿ ಅಂಚಿನಿಂದ ಹೊಲಿಯುತ್ತ ಬಂದರೆ ಬಟ್ಟೆಯೆಲ್ಲ ನಡುವಿಗೆ ಸರಿದು ಉಬ್ಬಿಕೊಳ್ಳುತ್ತದೆ. ಹೊಸಬರು ಸೋಲುವುದು ಇಲ್ಲಿಯೇ.

ಬಳಿಕ ಅಂಚುಗಳನ್ನು ಒಳಮಡಿಸಿ, ಸೂಜಿಯನ್ನು ಕೆಳಗೆ ಮೇಲೆ ಮಾಡುತ್ತ ನೇರ ಹೊಲಿಗೆಯಲ್ಲಿ ಸುತ್ತು ಬನ್ನಿರಿ. ಸಾಲಿನಿಂದ ಸಾಲಿಗೆ ಎರಡು ಬೆರಳು ಅಂತರವಿರಲಿ. ನೂಲು ಒಂದು ಮೊಳಕ್ಕಿಂತ ಉದ್ದ ಬೇಡ. ಗಂಟನ್ನು ಪದರಗಳ ಒಳಗೆ ಅಡಗಿಸಿರಿ. ದಾರವನ್ನು ಬಿಗಿಯಾಗಿ ಜಗ್ಗಬಾರದು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಬಿಗಿದರೆ ಆ ಗಾಳಿಗೆ ಎಡೆಯಿರದು. ಹರಿದೆಡೆ ತೇಪೆ ಹಚ್ಚಿರಿ. ಹೊಲಿಗೆ ಮುಗಿದ ಮೇಲೆ ಕಚ್ಚಾ ದಾರ ಕಿತ್ತುಹಾಕಿರಿ.

ಹೊಲಿಗೆ ಸಮನಾಗಿರಬೇಕೆನ್ನುವವರಿಗೆ ನಮ್ಮ ನೆರೆಯ ತೋಡ ಹೆಂಗಸರೇ ಗುರುಗಳು. ಅವರು ಅಚ್ಚು ಒತ್ತದೆ, ಚೌಕಟ್ಟು ಕಟ್ಟದೆ, ಬಿಳಿಯ ಬಟ್ಟೆಯ ಎಳೆಗಳನ್ನು ಎಣಿಸಿಯೇ ಕೆಂಪು ಕಪ್ಪು ದಾರದಿಂದ ಕಸೂತಿ ತೆಗೆಯುತ್ತಾರೆ. ಅದಕ್ಕೆ 2013ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು.

ಕಾಲ ಮತ್ತು ರಕ್ಷಣೆ

ಚಳಿ ಬಂದ ಮೇಲೆ ಸೂಜಿ ಹುಡುಕುವುದು ನಿಷ್ಪ್ರಯೋಜಕ. ಗೂಡಲೂರಿನಲ್ಲಿ ಮುಂಗಾರು ಜೋರು. ಊಟಿಗೆ ಹಿಂಗಾರಿನ ಮಳೆಯೂ ಉಂಟು. ಜನವರಿಯಿಂದ ಮಾರ್ಚಿಯವರೆಗಿನ ಒಣಹವೆಯಲ್ಲಿ ಹೊಲಿದಿಟ್ಟರೆ ಮುಂದಿನ ಚಳಿಗೆ ಒದಗುತ್ತದೆ. ನೆನೆದ ಕೌದಿ ಬಲು ಭಾರ. ಒಂದೇ ಹಗ್ಗಕ್ಕೆ ಹಾಕದೆ ಎರಡು ಗಳುಗಳ ಮೇಲೆ ಹರವಿರಿ. ಅರ್ಧ ಒಣಗಿದ್ದನ್ನು ಮಡಿಸಿದರೆ ಬೂಷ್ಟು ಹಿಡಿಯುವುದು ಖಂಡಿತ. ಮೇಲೊಂದು ತೆಳು ಹೊದಿಕೆ ಹಾಕಿಕೊಂಡರೆ ಮೇಲಿಂದಮೇಲೆ ಒಗೆಯುವ ಶ್ರಮ ತಪ್ಪುತ್ತದೆ. ಮಳೆಗಾಲದಲ್ಲಿ ಒಣ ಬೇವಿನೆಲೆಯೊಡನೆ ಪೆಟ್ಟಿಗೆಯಲ್ಲಿಟ್ಟು, ಬಿಸಿಲು ಕಂಡ ದಿನ ಹೊರಹಾಕಿರಿ.

ಮಾರುವ ಯೋಚನೆಯಿದ್ದವರು ಮೊದಲ ಕೌದಿಯಿಂದಲೇ ಒಂದು ಪುಸ್ತಕದಲ್ಲಿ ಎಷ್ಟು ಗಂಟೆ ಕೂತೆವು, ಎಷ್ಟು ನೂಲು ಹಿಡಿಯಿತು ಎಂದು ಬರೆದಿಡಿರಿ. ಬಟ್ಟೆ ಹಳೆಯದೆಂದು ಕೈಕೆಲಸದ ಕೂಲಿಯನ್ನು ಬಿಟ್ಟು ಬೆಲೆ ಹೇಳಬಾರದು. ಆದರೆ ಮೊದಲನೆಯ ಕೌದಿಯನ್ನು ಮಾರಬೇಡಿರಿ. ಅದು ಮನೆಯ ಹಿರಿಯರಿಗೋ ಕೂಸಿಗೋ ಸಲ್ಲಲಿ. ಅಂದಿನಿಂದ ಇದ್ದಿಲ ಒಲೆ ರಾತ್ರಿ ಹೊರಗೇ ಇರಲಿ.