ನಿಂತು ದುಡಿಯುವವರ ಕಾಲು: ಅಭಿಧಮನಿಗಳ ರಚನೆ ಮತ್ತು ವೈದ್ಯಕೀಯ ಮಹತ್ವ

ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯ, ಮತ್ತು 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಯಂತ್ರ ಕಾರ್ಖಾನೆ ಸ್ಥಾಪಿತವಾದ ಹರಿಹರದ ಕೈಗಾರಿಕಾ ಚರಿತ್ರೆಯನ್ನು ಬರೆಯುವವರು ಬಂಡವಾಳ, ಉತ್ಪನ್ನ, ಕೂಲಿಗಳ ಲೆಕ್ಕವನ್ನು ಕೊಡುವುದು ವಾಡಿಕೆ. ಮಗ್ಗದ ಮುಂದೆ, ಲೇತಿನ ಮುಂದೆ ಪಾಳಿ ಮುಗಿಯುವವರೆಗೆ ನಿಂತವರ ಕಾಲುಗಳು ಆ ಲೆಕ್ಕದೊಳಗೆ ಬರುವುದಿಲ್ಲ. ಆ ಕಾಲದ ಗಿರಣಿಗಳಲ್ಲಿ ಹಲವು ಮುಚ್ಚಿದವು. ಆದರೆ ದೋಸೆಯ ಕಾವಲಿಯ ಮುಂದೆ, ಬಟ್ಟೆಯಂಗಡಿಯಲ್ಲಿ, ತರಗತಿಯಲ್ಲಿ ನಿಂತು ದುಡಿಯುವವರು ಇಂದಿಗೂ ಇದ್ದಾರೆ. ಅವರ ಕಾಲಿನ ರಕ್ತನಾಳಗಳ ಪರಿಚಯ ನಮಗೆಲ್ಲರಿಗೂ ಅವಶ್ಯ.

ಕಾಲಿನ ಮೇಲೆ ಹಸಿರಾಗಿ ಕಾಣುವುದನ್ನು ಜನರು ‘ನರ’ ಎನ್ನುವರು. ಅದು ನರವಲ್ಲ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಅಭಿಧಮನಿ. ಇವು ಎರಡು ಸ್ತರಗಳಲ್ಲಿವೆ. ಚರ್ಮದಡಿಯ ಸ್ತರದಲ್ಲಿ ಮುಖ್ಯವಾದವು ಎರಡು. ಮಹಾ ಸಫೀನಸ್ ಅಭಿಧಮನಿಯು ಹರಡಿನ ಒಳಗಂಟಿನ ಮುಂದೆ ಹಾದು, ಕಾಲಿನ ಒಳಪಕ್ಕದಲ್ಲಿ ಏರಿ, ತೊಡೆಸಂದಿನಲ್ಲಿ ಆಳದ ಅಭಿಧಮನಿಯನ್ನು ಸೇರುತ್ತದೆ. ದೇಹದಲ್ಲೆಲ್ಲ ಉದ್ದವಾದ ಅಭಿಧಮನಿ ಇದೇ. ಕಿರು ಸಫೀನಸ್ ಹೊರಗಂಟಿನ ಹಿಂದಿನಿಂದ ಏರಿ ಸಾಮಾನ್ಯವಾಗಿ ಮೊಣಕಾಲಿನ ಹಿಂದೆ ಆಳಕ್ಕೆ ಇಳಿಯುತ್ತದೆ. ಎರಡನೆಯ ಸ್ತರವು ಸ್ನಾಯುಗಳ ನಡುವೆ ಇದ್ದು ರಕ್ತದ ಬಹುಭಾಗವನ್ನು ಒಯ್ಯುತ್ತದೆ. ಸಣ್ಣ ಕೂಡುನಾಳಗಳು ಮೇಲಿನ ಸ್ತರದ ರಕ್ತವನ್ನು ಆಳಕ್ಕೆ ತಲುಪಿಸುತ್ತವೆ.

ನಿಂತವನ ಪಾದದಿಂದ ರಕ್ತ ಮೇಲೇರುವುದು ಹೇಗೆ? ಪಾದುವಾದ ಫಾಬ್ರಿಸಿಯಸ್ 1603ರಲ್ಲಿ ಅಭಿಧಮನಿಗಳೊಳಗಿನ ಕವಾಟಗಳನ್ನು ವರ್ಣಿಸಿದನು. ಆದರೆ ಅವು ರಕ್ತವು ಕೈಕಾಲುಗಳಿಗೆ ರಭಸದಿಂದ ಇಳಿಯದಂತೆ ತಡೆಯುತ್ತವೆಂದು ಬಗೆದನು. ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವ ಒಮ್ಮುಖ ಬಾಗಿಲುಗಳೆಂದು ಅವನ ಶಿಷ್ಯ ವಿಲಿಯಂ ಹಾರ್ವಿ 1628ರಲ್ಲಿ ತೋರಿಸಿದನು. ಬಾಗಿಲಿದ್ದರೆ ಸಾಲದು, ನೂಕುವ ಶಕ್ತಿಯೂ ಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಆಳದ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಅಲುಗದೆ ನಿಂತಾಗ ಹರಡಿನ ಬಳಿ ಪಾದರಸದ ಸುಮಾರು 80ರಿಂದ 90 ಮಿಲಿಮೀಟರಿನಷ್ಟಿರುವ ಒತ್ತಡವು ನಡೆದಾಗ ಸುಮಾರು 30ಕ್ಕೆ ಇಳಿಯುತ್ತದೆ. ಆಯಾಸ ತರುವುದು ನಡಿಗೆಗಿಂತ ನಿಶ್ಚಲವಾದ ನಿಲುವು ಎಂಬುದಕ್ಕೆ ಕಾರಣ ಇದೇ.

ಕವಾಟಗಳು ಕೆಟ್ಟರೆ ರಕ್ತವು ಕೆಳಕ್ಕೆ ಮರಳಿ, ಮೇಲಿನ ಅಭಿಧಮನಿಗಳು ಉಬ್ಬಿ ಸುರುಳಿಯಾಗುತ್ತವೆ. ವೈದ್ಯರು ಇದನ್ನು ವೆರಿಕೋಸ್ ವೇನ್ ಎನ್ನುತ್ತಾರೆ. ವಂಶಗುಣ, ವಯಸ್ಸು, ಗರ್ಭಧಾರಣೆ, ಬೊಜ್ಜು ಇವೂ ಇದಕ್ಕೆ ಕಾರಣಗಳೇ. ಸಂಜೆಯ ಬಾವು, ಭಾರ, ಚರ್ಮದ ಕಪ್ಪು, ಕಡೆಗೆ ಹರಡಿನ ಒಳಪಕ್ಕದಲ್ಲಿ ಮಾಯದ ಹುಣ್ಣು, ಹೀಗೆ ರೋಗ ಬಲಿಯುತ್ತದೆ. ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಇದಕ್ಕಿಂತ ಘೋರವಾದುದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯವುಂಟು. ಇದೇ ಕಾಲಿನ ಅಭಿಧಮನಿ ಪರೋಪಕಾರಿಯೂ ಹೌದು: ಹೃದಯದ ಅಪಧಮನಿ ಕಟ್ಟಿಕೊಂಡಾಗ ಶಸ್ತ್ರವೈದ್ಯರು ಮಹಾ ಸಫೀನಸ್ಸಿನ ತುಂಡನ್ನು ಬದಲುದಾರಿಯಾಗಿ ಹೊಲಿಯುತ್ತಾರೆ.

ನಿಂತು ದುಡಿಯುವವರು ಆಗಾಗ್ಗೆ ನಾಲ್ಕು ಹೆಜ್ಜೆ ನಡೆಯುವುದು, ಹಿಮ್ಮಡಿಯೆತ್ತಿ ಇಳಿಸುವುದು, ಬಿಡುವಿನಲ್ಲಿ ಕಾಲನ್ನು ಎತ್ತರಕ್ಕಿಟ್ಟು ಮಲಗುವುದು ಹಿತಕರ. ಉಬ್ಬಿದ ಅಭಿಧಮನಿ ಒಡೆದು ರಕ್ತ ಸುರಿದರೆ ಮಲಗಿಸಿ, ಕಾಲನ್ನು ಮೇಲೆತ್ತಿ, ಗಾಯವನ್ನು ಒತ್ತಿ ಹಿಡಿಯತಕ್ಕದ್ದು. ಒಂದೇ ಕಾಲು ಹಠಾತ್ತನೆ ಬಾತು ನೋಯುತ್ತಿದ್ದರೆ ಅದನ್ನು ದುಡಿಮೆಯ ದಣಿವೆಂದು ತಳ್ಳಿಹಾಕಲಾಗದು. ಅಂದೇ ವೈದ್ಯರಿಗೆ ತೋರಿಸಬೇಕು. 1965ರಿಂದ ವೈದ್ಯಕೀಯ ಕಾಲೇಜನ್ನು ಹೊಂದಿರುವ ದಾವಣಗೆರೆಯಲ್ಲಿ ಅದು ದೂರದ ಮಾತಲ್ಲ.