ಗೃಹಸಾಲದ ಅವಧಿಯನ್ನು ಕುಗ್ಗಿಸುವ ಬಗೆ
ಹಡಗಲಿಯ ಮಲ್ಲಿಗೆಯ ಹಣ ಹೂ ಬಿಟ್ಟಷ್ಟು ದಿನವೂ, ಹರಪನಹಳ್ಳಿಯ ಮೆಕ್ಕೆಜೋಳದ ಹಣ ಸುಗ್ಗಿಗೊಮ್ಮೆಯೂ ಕೈಸೇರುವ ಈ ಸೀಮೆಯಲ್ಲಿ, ಮನೆ ಕಟ್ಟಲು ತೆಗೆದ ಬ್ಯಾಂಕಿನ ಸಾಲ ಮಾತ್ರ ಋತುಮಾನವನ್ನರಿಯದೆ ತಿಂಗಳು ತಿಂಗಳೂ ಒಂದೇ ಕಂತನ್ನು ಬೇಡುತ್ತದೆ.

ಶೇಕಡಾ 9ರ ಬಡ್ಡಿಗೆ, 20 ವರ್ಷದ ವಾಯಿದೆಯ ಮೇಲೆ, 20 ಲಕ್ಷ ರೂಪಾಯಿ ಪಡೆದ ಕೂಡ್ಲಿಗಿಯ ಗೃಹಸ್ಥನೊಬ್ಬನನ್ನು ಭಾವಿಸಿರಿ: ಅವನ ಮೊದಲ ಕಂತು ಸುಮಾರು 17,995 ರೂಪಾಯಿ, ಅದರಲ್ಲಿ 15,000 ಬಡ್ಡಿಗೇ ಸಂದು, ಅಸಲಿಗೆ ಸಲ್ಲುವುದು ಮೂರು ಸಾವಿರಕ್ಕೂ ಕಡಿಮೆ! ಆದರೆ ಆರಂಭದಿಂದಲೇ ಕಂತಿನೊಡನೆ 2,000 ರೂಪಾಯಿಯನ್ನು ಹೆಚ್ಚಾಗಿ ಕಟ್ಟುತ್ತ ಬಂದನಾದರೆ, ಆ ಹೆಚ್ಚಿನ ಹಣವೆಲ್ಲವೂ ನೇರವಾಗಿ ಅಸಲನ್ನೇ ತಗ್ಗಿಸುವುದರಿಂದ, ಬಡ್ಡಿಯ ದರ ಬದಲಾಗದಿದ್ದಲ್ಲಿ, ಸಾಲವು ಹದಿನೈದೂವರೆ ವರ್ಷಕ್ಕೇ ತೀರಿ, ಬಡ್ಡಿಯಲ್ಲಿ ಸುಮಾರು 6 ಲಕ್ಷ ರೂಪಾಯಿ ಉಳಿಯುವುದು.

ಪ್ರತಿ ತಿಂಗಳೂ ಆಗದವರು, ಕೊಟ್ಟೂರಿನ ಎಪಿಎಂಸಿಯಲ್ಲಿ ಶೇಂಗಾ ಮಾರಿದ ಹಣದಿಂದ ಒಂದು ಪಾಲನ್ನು ಒಮ್ಮೆಗೇ ಕಟ್ಟಬಹುದು. ದುಬಾರಿ ಬಡ್ಡಿಯ ಕೈಸಾಲವಿದ್ದರೆ ಮೊದಲು ಅದನ್ನು ತೀರಿಸುವುದೇ ಲೇಸು.

ವ್ಯಕ್ತಿಗಳು ಪಡೆದ, ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ಅವಧಿಪೂರ್ವ ಪಾವತಿಯ ದಂಡ ವಿಧಿಸಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಬ್ಯಾಂಕುಗಳಿಗೆ ಆಜ್ಞಾಪಿಸಿದೆ. ಹಣ ಕಟ್ಟುವಾಗ ‘ಕಂತು ಹಾಗೆಯೇ ಇರಲಿ, ಅವಧಿ ಇಳಿಸಿರಿ’ ಎಂದು ಬರೆದುಕೊಟ್ಟು, ಹೊಸ ಕಂತಿನ ಪಟ್ಟಿಯನ್ನು ಕೇಳಿ ಪಡೆಯತಕ್ಕದ್ದು.